ಕತ್ತಿಗೆ ಮುಂಚಿನ ಹತ್ತು ನಿಮಿಷ

'ಗಂಟಿಗೆ ಕತ್ತಿ ತಾಗಿಸಬಾರದು, ತಾಗಿಸಿದರೆ ಮೈಯೆಲ್ಲ ಹರಡುತ್ತದೆ.' ಎದೆಯಲ್ಲಿ ಗಂಟು ಕಾಣಿಸಿಕೊಂಡ ಹೆಂಗಸಿಗೆ ನೆರೆಹೊರೆಯವರು ಹೇಳುವ ಈ ಮಾತು ಕಾರವಾರ, ಅಂಕೋಲೆಗಳ ಹಳ್ಳಿಗಳಿಗೆ ಮಾತ್ರ ಸೇರಿದ್ದಲ್ಲ. ಕರ್ನಾಟಕದ ಉದ್ದಗಲಕ್ಕೂ, ಅದರಾಚೆಗೂ ಅದು ಓಡಾಡುತ್ತಿದೆ. ವೈದ್ಯರು ಅದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. ಆ ಮಾತಿಗೆ ಹೆದರಿ ತಿಂಗಳುಗಟ್ಟಲೆ ನಾಟಿ ಔಷಧ ಅರೆದು ಹಚ್ಚಿ, ಗಂಟು ಒಡೆದು ಹುಣ್ಣಾದ ಮೇಲೆ ಆಸ್ಪತ್ರೆಗೆ ಬಂದವರನ್ನು ಕಂಡ ಯಾವ ವೈದ್ಯನಿಗಾದರೂ ಸಿಟ್ಟು ಬರುವುದು ಸಹಜ. ಶಸ್ತ್ರಕ್ರಿಯೆ ಮಾಡಿಸದಿದ್ದರೆ ಸ್ತನದ ಕ್ಯಾನ್ಸರ್ ಕೊಲ್ಲುತ್ತದೆ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಈ ಹಳ್ಳಿಯ ಮಾತನ್ನು ನಕ್ಕು ತಳ್ಳಿಹಾಕದೆ, ಅದರೊಳಗೆ ಅಡಗಿರುವ ಪ್ರಶ್ನೆಯನ್ನು ಬೇರ್ಪಡಿಸಿ ತೆಗೆದು, ಮೂವತ್ತು ವರ್ಷಗಳಿಗೂ ಮಿಕ್ಕಿ ಅದರ ಬೆನ್ನು ಹತ್ತಿದ ಶಸ್ತ್ರವೈದ್ಯರೊಬ್ಬರಿದ್ದಾರೆ. ಅವರು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ. ಶಸ್ತ್ರಕ್ರಿಯೆ ನಡೆಯುವ ಆ ಒಂದು ಗಂಟೆಯಲ್ಲಿ ಗೆಡ್ಡೆಯೊಳಗೆ ಏನಾಗುತ್ತದೆ? ಕತ್ತಿ ತಾಗಿದ ಗಳಿಗೆಯಲ್ಲಿ ಅದರ ಜೀವಕೋಶಗಳು ಸುಮ್ಮನಿರುತ್ತವೆಯೇ? ಇಲ್ಲವೆಂದಾದರೆ, ಆ ಗಳಿಗೆಯಲ್ಲೇ ಅವನ್ನು ಕಟ್ಟಿಹಾಕಲು ಬರುತ್ತದೆಯೇ? ಅವರ ಸಂಶೋಧನೆಯ ಬಹುಭಾಗ ಈ ಪ್ರಶ್ನೆಗಳ ಸುತ್ತಲೇ ತಿರುಗಿದೆ.

ಕಾರವಾರ, ಅಂಕೋಲೆಗಳ ಜನರಿಗೆ ಆ ಆಸ್ಪತ್ರೆ ಅಪರಿಚಿತವೇನಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ನಡುವಿನ ತೊಂಬತ್ತನಾಲ್ಕು ವರ್ಷ ಕೋರ್ಟು, ಕಾಲೇಜು, ನೌಕರಿ, ಕಾಯಿಲೆ ಎಲ್ಲಕ್ಕೂ ಕರಾವಳಿಯ ಮುಖ ಮುಂಬಯಿಯ ಕಡೆಗೇ ಇತ್ತು. ರಾಜ್ಯ ಬದಲಾಯಿತು, ರೂಢಿ ಬದಲಾಗಲಿಲ್ಲ. 1941ರ ಫೆಬ್ರುವರಿ 28ರಂದು ಪರೇಲಿನಲ್ಲಿ ಬಾಗಿಲು ತೆರೆದ ಟಾಟಾ ಆಸ್ಪತ್ರೆಗೆ ಹೋಗಿಬಂದವರು ಈ ಕಡಲತಡಿಯ ಹಳ್ಳಿ ಹಳ್ಳಿಗಳಲ್ಲಿ ಸಿಗುತ್ತಾರೆ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲಂತೂ ರಾತ್ರಿ ಹತ್ತಿ ಕೂತರೆ ಬೆಳಗಾಗುವುದರೊಳಗೆ ಮುಂಬಯಿ. (ಪ್ರಾಸಂಗಿಕವಾಗಿ ಒಂದು ಮಾತು: 1962ರಿಂದ ಈ ಆಸ್ಪತ್ರೆ ಕೇಂದ್ರದ ಅಣುಶಕ್ತಿ ಇಲಾಖೆಯ ಅಧೀನದಲ್ಲಿದೆ. ಕಾಳಿ ನದಿಯ ದಂಡೆಯಲ್ಲಿ ಕೈಗಾ ಸ್ಥಾವರ ಎದ್ದದ್ದೂ ಅದೇ ಇಲಾಖೆಯ ಕೈಕೆಳಗೆ.)

ಬಡ್ವೆಯವರ ಪ್ರಶ್ನೆಯ ತೂಕ ತಿಳಿಯಬೇಕಾದರೆ ಅದಕ್ಕೆ ಮೊದಲಿನ ನೂರು ವರ್ಷದ ಕತೆಯನ್ನು ಸ್ವಲ್ಪ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನಿದ್ದ. ಕ್ಯಾನ್ಸರ್ ಹುಟ್ಟಿದ ಜಾಗದಿಂದ ಹೊರಕ್ಕೆ, ಮೆಟ್ಟಿಲು ಮೆಟ್ಟಿಲಾಗಿ, ದುಗ್ಧನಾಳಗಳ ದಾರಿ ಹಿಡಿದು ಹರಡುತ್ತದೆ ಎಂಬುದು ಅವನ ನಂಬಿಕೆ. ಅಘನಾಶಿನಿ, ಗಂಗಾವಳಿ ನದಿಗಳ ಬಾಯಲ್ಲಿ ಗಜನಿ ಗದ್ದೆ ಮಾಡುವವರಿಗೆ ಈ ತರ್ಕ ಕೂಡಲೇ ಅರ್ಥವಾದೀತು: ಉಪ್ಪುನೀರು ನುಗ್ಗುವ ಕಡೆಯಲ್ಲಿ ಸಾಕಷ್ಟು ದೂರದಲ್ಲಿ ಒಡ್ಡು ಹಾಕಿದರೆ ಒಳಗಿನ ಭತ್ತ ಉಳಿಯುತ್ತದೆ. ಹಾಲ್‌ಸ್ಟೆಡ್ ಒಡ್ಡನ್ನು ಬಹಳ ದೂರದಲ್ಲಿ ಹಾಕಿದ. ಇಡೀ ಸ್ತನ, ಅದರಡಿಯ ಎದೆಯ ಸ್ನಾಯುಗಳು, ಕಂಕುಳಿನ ದುಗ್ಧಗ್ರಂಥಿಗಳು ಎಲ್ಲವನ್ನೂ ಒಟ್ಟಿಗೇ ತೆಗೆದ. 1894ರಲ್ಲಿ ಅವನು ತನ್ನ 50 ರೋಗಿಗಳ ವಿವರ ಪ್ರಕಟಿಸಿದ ಮೇಲೆ ಮುಕ್ಕಾಲು ಶತಮಾನ ಅದೇ ವೇದವಾಕ್ಯವಾಯಿತು. ಬದುಕಿದ ಹೆಂಗಸರ ಎದೆಗೂಡು ಚರ್ಮದಡಿಯಲ್ಲೇ ಎದ್ದು ಕಾಣುತ್ತಿತ್ತು, ತೋಳು ಊದಿಕೊಳ್ಳುತ್ತಿತ್ತು. ಅಷ್ಟಾದರೂ ಅನೇಕರಿಗೆ ವರ್ಷಗಳ ಮೇಲೆ ಮೂಳೆಯಲ್ಲೋ ಶ್ವಾಸಕೋಶದಲ್ಲೋ ರೋಗ ಮತ್ತೆ ತಲೆಯೆತ್ತುತ್ತಿತ್ತು. ಆಗ ಶಸ್ತ್ರವೈದ್ಯರು ಹೇಳುತ್ತಿದ್ದ ಪರಿಹಾರ ಒಂದೇ, ಇನ್ನಷ್ಟು ಕೊಯ್ಯಬೇಕು.

ಈ ಹಟಕ್ಕೆ ತಡೆ ಹಾಕಿದವನು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್. ಅವನೂ ಶಸ್ತ್ರವೈದ್ಯನೇ, ಆದರೆ ಪ್ರಯೋಗಶಾಲೆಯಲ್ಲಿ ಇಲಿಗಳ ಜೊತೆ ಹೆಚ್ಚು ಹೊತ್ತು ಕಳೆದವನು. ಕ್ಯಾನ್ಸರ್ ಕೋಶಗಳು ಮೆಟ್ಟಿಲು ಹತ್ತುವಂತೆ ಹೋಗುವುದಿಲ್ಲ, ಗಂಟು ಕೈಗೆ ಸಿಗುವ ಮೊದಲೇ ರಕ್ತದಲ್ಲಿ ಸೇರಿ ಎಲ್ಲೆಲ್ಲೋ ಕುಳಿತಿರಬಹುದು ಎಂಬುದು ಅವನ ವಾದ. ಅಂದರೆ ಉಪ್ಪು ಒಡ್ಡಿನ ಕೆಳಗಿನಿಂದಲೇ ಒಳಗೆ ಬಸಿದಿದೆ. ಒಡ್ಡನ್ನು ಎಷ್ಟು ದೂರ ಸರಿಸಿದರೂ ಅಷ್ಟೇ. 1971ರಿಂದ ಆರಂಭಿಸಿ ಅವನು ನಡೆಸಿದ ದೊಡ್ಡ ಪರೀಕ್ಷೆಗಳು ಇದನ್ನು ಸಾಬೀತುಪಡಿಸಿದವು. ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿದ. 2002ರಲ್ಲಿ ಇಬ್ಬರ ಇಪ್ಪತ್ತು ವರ್ಷಗಳ ಲೆಕ್ಕವೂ ಹೊರಬಿತ್ತು. ಗಂಟನ್ನು ಮಾತ್ರ ತೆಗೆದು ಸ್ತನವನ್ನು ಉಳಿಸಿದವರೂ ಇಡೀ ಸ್ತನವನ್ನು ತೆಗೆಸಿಕೊಂಡವರೂ ಸಮಾನವಾಗಿಯೇ ಬದುಕಿದ್ದರು.

ಫಿಶರನ ಇನ್ನೊಂದು ಪ್ರಯೋಗ ಅಷ್ಟು ಪ್ರಸಿದ್ಧವಾಗಲಿಲ್ಲ. ಈ ಲೇಖನದ ಮಟ್ಟಿಗೆ ಅದೇ ಮುಖ್ಯ. 1959ರಲ್ಲಿ ಅವನು ಇಲಿಗಳ ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿ ಕೆಲವೇ ಕೆಲವು ಕ್ಯಾನ್ಸರ್ ಕೋಶಗಳನ್ನು ಬಿಟ್ಟ. ತಿಂಗಳುಗಟ್ಟಲೆ ಕಾದರೂ ಗೆಡ್ಡೆ ಹುಟ್ಟಲಿಲ್ಲ. ಆಮೇಲೆ ಕೆಲವು ಇಲಿಗಳ ಹೊಟ್ಟೆಯನ್ನು ಮತ್ತೆ ಮತ್ತೆ ಕೊಯ್ದು, ಯಕೃತ್ತನ್ನು ನೋಡಿ, ಹೊಲಿದ. ಹಾಗೆ ಕೊಯ್ಯಿಸಿಕೊಂಡ ಇಲಿಗಳಲ್ಲಿ ಗೆಡ್ಡೆಗಳು ಎದ್ದವು. ಕೋಶಗಳು ಸತ್ತಿರಲಿಲ್ಲ, ನಿದ್ದೆಯಲ್ಲಿದ್ದವು. ಕತ್ತಿಯ ಗಾಯ ಅವನ್ನು ಎಬ್ಬಿಸಿತು. ಇಲಿಗೆ ಸಂಬಂಧಿಸಿದ ಮಾತನ್ನು ಹೆಂಗಸರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಹಳ್ಳಿಯ ಆ ಮಾತು ಪೂರ್ತಿ ಹುಚ್ಚುಮಾತಲ್ಲ ಎಂಬ ಸುಳಿವು ಅಲ್ಲಿತ್ತು.

ಸ್ತನವನ್ನು ಉಳಿಸಬಹುದು ಎಂಬ ಸುದ್ದಿ ಜಗತ್ತಿಗೆಲ್ಲ ಶುಭವಾರ್ತೆಯಾಯಿತು. ಆದರೆ ಅದಕ್ಕೊಂದು ಷರತ್ತು ಅಂಟಿಕೊಂಡಿತ್ತು. ಗಂಟು ಮಾತ್ರ ತೆಗೆದು ಸುಮ್ಮನೆ ಬಿಟ್ಟರೆ ನೂರರಲ್ಲಿ 39 ಹೆಂಗಸರಿಗೆ ಇಪ್ಪತ್ತು ವರ್ಷದೊಳಗೆ ಅದೇ ಸ್ತನದಲ್ಲಿ ರೋಗ ಮರುಕಳಿಸುತ್ತಿತ್ತು. ವಿಕಿರಣ ಚಿಕಿತ್ಸೆ ಕೊಟ್ಟರೆ ಈ ಸಂಖ್ಯೆ 14ಕ್ಕೆ ಇಳಿಯುತ್ತಿತ್ತು. ಇದು ಫಿಶರನದೇ ಲೆಕ್ಕ. ಜನರ ಬಾಯಲ್ಲಿ 'ಕರೆಂಟು ಕೊಡುವುದು' ಎನಿಸಿಕೊಂಡಿರುವ ಈ ಚಿಕಿತ್ಸೆ ಒಂದು ದಿನದ್ದಲ್ಲ. ವಾರಕ್ಕೆ ಐದು ದಿನದಂತೆ ಐದಾರು ವಾರ ದಿನವೂ ಯಂತ್ರದ ಕೆಳಗೆ ಮಲಗಬೇಕಿತ್ತು.

ಲಂಡನ್ನಿನ ಹೆಂಗಸಿಗೆ ಇದು ಕಿರಿಕಿರಿ. ಅಂಕೋಲೆಯ ಹೆಂಗಸಿಗೆ? ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕೆಂದರೆ ಅರಬೈಲು ಘಟ್ಟ ಹತ್ತಿ ನೂರು ಕಿ.ಮೀ.ಗೂ ಹೆಚ್ಚು ದಾರಿ. ಮಣಿಪಾಲಕ್ಕೆ ಅದಕ್ಕಿಂತ ದೂರ. ಮುಂಬಯಿಯಾದರೆ ಬಂಧುಗಳ ಚಾಳಿನ ಮೂಲೆಯಲ್ಲಿ ಒಂದೂವರೆ ತಿಂಗಳು ಹಾಸಿಗೆ ಬಿಡಿಸಬೇಕು. ಗದ್ದೆ, ದನ, ಮೀನುಬುಟ್ಟಿ, ಶಾಲೆಯ ಮಕ್ಕಳು ಇವನ್ನೆಲ್ಲ ಬಿಟ್ಟು, ಜೊತೆಗೊಬ್ಬರನ್ನು ಕಟ್ಟಿಕೊಂಡು ಅಷ್ಟು ದಿನ ಯಾರು ಕೂತಾರು? ಮಳೆಗಾಲದಲ್ಲಿ ದಾರಿಯ ಭರವಸೆಯೂ ಇಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ರಾಷ್ಟ್ರೀಯ ಹೆದ್ದಾರಿ ಹಲವು ದಿನ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರವನ್ನು ಗೋವೆಯ ಕಡೆಗೆ ಜೋಡಿಸುವ ಕಾಳಿಯ ಹಳೆಯ ಸೇತುವೆ ನದಿಗೆ ಬಿತ್ತು. ಅದಕ್ಕೂ ಎರಡು ವರ್ಷ ಮೊದಲು, 2022ರ ಜುಲೈಯಲ್ಲಿ, ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಬಳಿಯ ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಕಾರವಾರದಿಂದ ಭಟ್ಕಳದವರೆಗೆ ಎದ್ದಿತು. ಆ ಊರಿನ ಹೆಸರೂ ಶಿರೂರೇ. ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ ಎಂಬುದು ನಿಜ. ಆದರೆ ಕಾಲೇಜು ಬಂದ ಮಾತ್ರಕ್ಕೆ ದೂರದ ಪ್ರಯಾಣಗಳು ನಿಂತಿಲ್ಲ.

ಹೀಗಾಗಿ ಉಳಿಸಬಹುದಾಗಿದ್ದ ಸ್ತನವನ್ನೂ ಎಷ್ಟೋ ಹೆಂಗಸರು ಪೂರ್ತಿ ತೆಗೆಸಿಕೊಂಡುಬಿಡುತ್ತಾರೆ. 'ಒಂದೇ ಸಲಕ್ಕೆ ಮುಗಿಸಿಬಿಡಿ ಡಾಕ್ಟ್ರೇ' ಎನ್ನುತ್ತಾರೆ. ಇದನ್ನು ಅಜ್ಞಾನ ಎನ್ನುವುದು ಸುಲಭ. ನಿಜದಲ್ಲಿ ಅದು ಬಸ್ಸಿನ ಚಾರ್ಜು, ಕೂಲಿ, ದಿನಗಳನ್ನು ಕೂಡಿಸಿ ಕಳೆದು ಮಾಡಿದ ಲೆಕ್ಕ.

ಈ ಲೆಕ್ಕವನ್ನು ವಿಜ್ಞಾನದ ಪ್ರಶ್ನೆಯಾಗಿ ಮಾರ್ಪಡಿಸಿದವರು ಕಾಳಿಯಾಚೆಯ ನೆರೆಯವರೇ ಆದ, ಗೋವಾ ಮೂಲದ ಡಾ. ಜಯಂತ ವೈದ್ಯ. 1990ರ ದಶಕದಲ್ಲಿ ಅವರು ಟಾಟಾ ಆಸ್ಪತ್ರೆಯಲ್ಲಿ ತರುಣ ಶಸ್ತ್ರವೈದ್ಯರಾಗಿದ್ದರು. ಡಾ. ಇಂದ್ರನೀಲ ಮಿತ್ರ ಮೊದಲಾದವರೊಂದಿಗೆ ಸೇರಿ, ಶಸ್ತ್ರಕ್ರಿಯೆಯಲ್ಲಿ ತೆಗೆದ 30 ಸ್ತನಗಳನ್ನು ಪದರ ಪದರವಾಗಿ ಸೀಳಿ, ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ನಕ್ಷೆ ಬರೆದರು. ಅರ್ಧಕ್ಕಿಂತ ಹೆಚ್ಚು ಸ್ತನಗಳಲ್ಲಿ ಮುಖ್ಯ ಗಂಟಿನ ಹೊರತಾಗಿ ಬೇರೆ ಕಡೆಯೂ ಸಣ್ಣ ಸಣ್ಣ ಕ್ಯಾನ್ಸರುಗಳು ಅವಿತಿದ್ದವು. ಈ ವರದಿ 1996ರಲ್ಲಿ ಪ್ರಕಟವಾಯಿತು.

ಇಲ್ಲೊಂದು ಒಗಟು ಎದ್ದಿತು. ಕ್ಯಾನ್ಸರ್ ಸ್ತನದ ತುಂಬ ಚೆದರಿದ್ದರೆ, ಗಂಟು ತೆಗೆದ ಮೇಲೆ ಮರುಕಳಿಕೆಯೂ ಎಲ್ಲೆಂದರಲ್ಲಿ ಆಗಬೇಕು. ಆದರೆ ಹಾಗಾಗುವುದಿಲ್ಲ, ಹತ್ತರಲ್ಲಿ ಒಂಬತ್ತು ಸಲ ರೋಗ ಮರಳುವುದು ಮೊದಲ ಗಂಟು ಇದ್ದ ಜಾಗದಲ್ಲೇ. ಉಳಿದ ಸಣ್ಣ ಕ್ಯಾನ್ಸರುಗಳು ಮಲಗಿಯೇ ಇರುತ್ತವೆ. ಹಾಗಾದರೆ ಆ ಜಾಗದಲ್ಲಿ ಅಂಥದ್ದೇನಿದೆ? ವೈದ್ಯ ಅವರ ಉತ್ತರ: ಅಲ್ಲಿ ಗಾಯವಿದೆ. ಗಾಯ ಮಾಯಲು ದೇಹ ಸುರಿಸುವ ರಸಗಳು ಉಳಿದ ಕ್ಯಾನ್ಸರ್ ಕೋಶಗಳಿಗೂ ಗೊಬ್ಬರವಾಗುತ್ತವೆ. 2008ರಲ್ಲಿ ಇಟಲಿಯ ಸಂಶೋಧಕರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಪುರಾವೆ ಸಿಕ್ಕಿತು. ಶಸ್ತ್ರಕ್ರಿಯೆಯಾದ ಸ್ತನದ ಗಾಯದಿಂದ ಬಸಿದ ದ್ರವವನ್ನು ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳಿಗೆ ಹಾಕಿದರೆ ಅವು ಹುರುಪಿನಿಂದ ಬೆಳೆದು ಅತ್ತಿತ್ತ ನುಗ್ಗಿದವು. ಶಸ್ತ್ರಕ್ರಿಯೆಯ ವೇಳೆಯಲ್ಲೇ ಗಾಯದ ಜಾಗಕ್ಕೆ ವಿಕಿರಣ ಕೊಟ್ಟಿದ್ದವರ ದ್ರವಕ್ಕೆ ಆ ಗುಣ ಬಹುಮಟ್ಟಿಗೆ ಇರಲಿಲ್ಲ.

ಅಪಾಯ ಗಾಯದ ಜಾಗದಲ್ಲಿದ್ದರೆ ಇಡೀ ಸ್ತನಕ್ಕೆ ಐದಾರು ವಾರ ವಿಕಿರಣ ಏಕೆ? ಹೆಂಗಸು ಇನ್ನೂ ಮೇಜಿನ ಮೇಲೆ ಮಲಗಿರುವಾಗಲೇ ಅಲ್ಲಿಗೆ ಮಾತ್ರ ಕೊಟ್ಟು ಮುಗಿಸಬಾರದೇಕೆ? ಲಂಡನ್ನಿನಲ್ಲಿ ಮೈಕಲ್ ಬಾಮ್, ಜೆಫ್ರಿ ಟೋಬಿಯಾಸ್ ಎಂಬ ಹಿರಿಯರ ಜೊತೆ ವೈದ್ಯ ಇದನ್ನು ಕೈಗೆತ್ತಿಕೊಂಡರು. ಮೆದುಳಿನ ಗೆಡ್ಡೆಗಳಿಗೆಂದು ಮಾಡಿದ್ದ ಪುಟ್ಟ ಕ್ಷಕಿರಣ ಯಂತ್ರವೊಂದಿತ್ತು. ಅದರ ತುದಿಗೆ ನಿಂಬೆಹಣ್ಣಿನಂಥ ಗುಂಡನ್ನು ಜೋಡಿಸಿ, ಗಂಟು ತೆಗೆದ ಗುಳಿಯಲ್ಲಿಟ್ಟು, ಸುಮಾರು ಅರ್ಧ ಗಂಟೆ ವಿಕಿರಣ ಹಾಯಿಸಿ, ಗುಂಡನ್ನು ತೆಗೆದು ಹೊಲಿಗೆ ಹಾಕಿದರು. ಮೊದಲ ಬಾರಿಗೆ ಇದು ನಡೆದದ್ದು 1998ರಲ್ಲಿ. 2000ದಿಂದ 2012ರವರೆಗೆ ಹತ್ತು ದೇಶಗಳ 2298 ಹೆಂಗಸರ ಮೇಲೆ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಹಳೆಯ ಪದ್ಧತಿಗೆ ಹೋಲಿಸಿ ನೋಡಿದರು. 2020ರಲ್ಲಿ ಬಂದ ಪೂರ್ಣ ಫಲಿತಾಂಶದಂತೆ ಐದು ವರ್ಷಗಳೊಳಗೆ ಅದೇ ಸ್ತನದಲ್ಲಿ ರೋಗ ಮರಳಿದ್ದು ಒಂದೇ ಸಲದ ಚಿಕಿತ್ಸೆಯವರಲ್ಲಿ ಶೇ. 2.11, ವಾರಗಟ್ಟಲೆ ಪಡೆದವರಲ್ಲಿ ಶೇ. 0.95. ಈ ಅಂತರ ಮೊದಲೇ ಒಪ್ಪಿಕೊಂಡಿದ್ದ ಮಿತಿಯೊಳಗಿತ್ತು. ವಿಕಿರಣ ತಜ್ಞರಲ್ಲಿ ಅನೇಕರು ಮಾತ್ರ ಒಪ್ಪಲಿಲ್ಲ. ಅಂಕಿಅಂಶಗಳ ವಿಶ್ಲೇಷಣೆಯ ಬಗ್ಗೆ ವರ್ಷಗಟ್ಟಲೆ ಖಾರವಾದ ಪತ್ರವ್ಯವಹಾರ ನಡೆಯಿತು. 2018ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ, ಯಂತ್ರ ಈಗಾಗಲೇ ಇರುವ ಕಡೆ ಬಳಸಬಹುದು, ಅಷ್ಟಕ್ಕೇ ನಿಲ್ಲಲಿ ಎಂಬ ಅರೆಮನಸ್ಸಿನ ಒಪ್ಪಿಗೆ ಕೊಟ್ಟಿತು. ಇಷ್ಟರಲ್ಲಿ ವಿಕಿರಣ ತಜ್ಞರೂ ಸುಮ್ಮನೆ ಕೂತಿರಲಿಲ್ಲ. ಐದು ವಾರವನ್ನು ಮೂರು ವಾರಕ್ಕೂ, 2020ರ ಬ್ರಿಟಿಷ್ ಪರೀಕ್ಷೆಯೊಂದರಲ್ಲಿ ಒಂದೇ ವಾರಕ್ಕೂ ಇಳಿಸಿ ತೋರಿಸಿದರು. ದೂರದ ಊರಿನವರಿಗೆ ಈ ಜಗಳದಲ್ಲಿ ಯಾರು ಗೆದ್ದರೂ ಲಾಭವೇ.

ವೈದ್ಯ ಅವರು ಗಂಟು ತೆಗೆದ ನಂತರದ ಅರ್ಧ ಗಂಟೆಯನ್ನು ಹಿಡಿದರೆ, ಬಡ್ವೆ ಹಿಡಿದದ್ದು ಗಂಟು ತೆಗೆಯುವ ಮುಂಚಿನ ಹೊತ್ತನ್ನು. ಅವರ ದಾರಿ ಆರಂಭವಾದದ್ದೂ ಲಂಡನ್ನಿನಲ್ಲೇ. ಗೈಸ್ ಆಸ್ಪತ್ರೆಯ ಹಳೆಯ ಕಡತಗಳಲ್ಲಿ 1975ರಿಂದ 1985ರವರೆಗೆ ಶಸ್ತ್ರಕ್ರಿಯೆಯಾದ, ಇನ್ನೂ ಮುಟ್ಟು ನಿಲ್ಲದ 249 ಹೆಂಗಸರ ವಿವರ ಇತ್ತು. ಬಡ್ವೆ ಮತ್ತು ಜೊತೆಗಾರರು ಒಂದು ವಿಚಿತ್ರ ಪ್ರಶ್ನೆ ಕೇಳಿದರು: ಶಸ್ತ್ರಕ್ರಿಯೆಯಾದ ದಿನ ಆ ಹೆಂಗಸು ತಿಂಗಳ ಋತುಚಕ್ರದ ಯಾವ ಘಟ್ಟದಲ್ಲಿದ್ದಳು? 1991ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸಿತು. ಮುಟ್ಟಾಗಿ ಮೂರರಿಂದ ಹನ್ನೆರಡು ದಿನಗಳ ನಡುವೆ ಶಸ್ತ್ರಕ್ರಿಯೆಯಾದವರಲ್ಲಿ ಹತ್ತು ವರ್ಷ ಬದುಕಿದವರು ಶೇ. 54, ಬೇರೆ ದಿನಗಳಲ್ಲಿ ಆದವರಲ್ಲಿ ಶೇ. 84. ರೋಗ ಅದೇ, ಕತ್ತಿ ಅದೇ, ವಾರ ಮಾತ್ರ ಬೇರೆ.

ಇಷ್ಟು ದೊಡ್ಡ ವ್ಯತ್ಯಾಸವನ್ನು ನಂಬುವುದು ಕಷ್ಟ. ಬೇರೆಯವರು ತಮ್ಮ ತಮ್ಮ ಆಸ್ಪತ್ರೆಗಳ ಕಡತ ತೆಗೆದು ನೋಡಿದರು. ಕೆಲವರಿಗೆ ಹೌದೆನಿಸಿತು, ಕೆಲವರಿಗೆ ಇಲ್ಲ. ಮುಂದೆ ನಡೆದ ಎಚ್ಚರಿಕೆಯ ಅಧ್ಯಯನಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಬಹಳ ಮಂದಿ ಸಂಶೋಧಕರು ಇಲ್ಲಿಗೆ ಕೈತೊಳೆದುಕೊಂಡು ಬೇರೆ ವಿಷಯ ಹುಡುಕುತ್ತಿದ್ದರು. ಬಡ್ವೆ ಮುಂಬಯಿಗೆ ಮರಳಿ ಅದನ್ನೇ ತಿರುಗಿಸಿ ಕೇಳಿದರು. ಋತುಚಕ್ರದ ಉತ್ತರಾರ್ಧದಲ್ಲಿ ದೇಹದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಕಾಪಾಡುತ್ತಿರುವುದು ಅದೇ ಆಗಿದ್ದರೆ, ದಿನ ಎಣಿಸುವುದೇಕೆ, ಶಸ್ತ್ರಕ್ರಿಯೆಗೆ ಮೊದಲು ಅದನ್ನೇ ಒಂದು ಚುಚ್ಚುಮದ್ದಾಗಿ ಕೊಟ್ಟರಾಯಿತಲ್ಲ? 1997ರಿಂದ 2004ರವರೆಗೆ ಸಾವಿರ ಹೆಂಗಸರ ಮೇಲೆ ಇದರ ಪರೀಕ್ಷೆ ನಡೆದು, 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಆದರೆ ಕಂಕುಳಿನ ಗ್ರಂಥಿಗಳಿಗೆ ರೋಗ ತಲುಪಿದ್ದವರಲ್ಲಿ, ಐದು ವರ್ಷ ರೋಗ ಮರುಕಳಿಸದೆ ಇದ್ದವರು ಚುಚ್ಚುಮದ್ದು ಪಡೆದವರ ಪೈಕಿ ಶೇ. 65, ಪಡೆಯದವರ ಪೈಕಿ ಶೇ. 55. ಒಂದೇ ಒಂದು ಅಗ್ಗದ ಚುಚ್ಚುಮದ್ದಿನ ಮಟ್ಟಿಗೆ ಇದು ಸಣ್ಣ ಮಾತಲ್ಲ. ಆದರೆ ಒಟ್ಟಿನಲ್ಲಿ ಸೋತ ಪರೀಕ್ಷೆಯೊಂದರ ಒಂದು ಭಾಗದಲ್ಲಿ ಸಿಕ್ಕ ಗೆಲುವನ್ನು ವಿಜ್ಞಾನ ಅನುಮಾನದಿಂದಲೇ ನೋಡುತ್ತದೆ. ಅದು ಸರಿಯೂ ಹೌದು.

ಮೂರನೆಯದು ಇನ್ನೂ ನಿಷ್ಠುರವಾದ ಪರೀಕ್ಷೆ. ನಮ್ಮ ದೇಶದಲ್ಲಿ ಮೊದಲ ಸಲ ಆಸ್ಪತ್ರೆಗೆ ಬರುವಾಗಲೇ ರೋಗ ಮೂಳೆಗೋ ಯಕೃತ್ತಿಗೋ ಹರಡಿರುವ ಹೆಂಗಸರು ಕಡಿಮೆಯಿಲ್ಲ. ಅಂಥವರ ಎದೆಯ ಗಂಟನ್ನೂ ತೆಗೆಯಬೇಕೇ? ತೆಗೆದರೆ ಆಯುಸ್ಸು ಹೆಚ್ಚುತ್ತದೆಂದು ಪಶ್ಚಿಮದ ಹಲವು ಕಡತ-ಅಧ್ಯಯನಗಳು ಹೇಳುತ್ತಿದ್ದವು. 2005ರಿಂದ 2013ರವರೆಗೆ ಟಾಟಾ ಆಸ್ಪತ್ರೆಯಲ್ಲಿ 350 ಹೆಂಗಸರ ಮೇಲೆ ಇದನ್ನು ಪರೀಕ್ಷಿಸಿದರು. 2015ರಲ್ಲಿ ಬಂದ ಉತ್ತರ: ಆಯುಸ್ಸು ಹೆಚ್ಚುವುದಿಲ್ಲ. ಗಂಟು ತೆಗೆಸಿಕೊಂಡವರಲ್ಲಿ ಎದೆಯ ಭಾಗ ಹತೋಟಿಯಲ್ಲಿತ್ತು, ಆದರೆ ದೂರದ ಅಂಗಗಳಲ್ಲಿ ರೋಗ ಬೇಗ ಬೆಳೆದಿತ್ತು. ಫಿಶರನ ಇಲಿಗಳು ಇಲ್ಲಿ ನೆನಪಾಗದೆ ಇರಲಾರವು. ತನ್ನ ಕತ್ತಿ ಎಲ್ಲಿ ಬೇಡವೆಂದು ತೋರಿಸಲು ಶಸ್ತ್ರವೈದ್ಯನೇ ಹತ್ತು ವರ್ಷ ವೆಚ್ಚ ಮಾಡುವುದು ಅಪರೂಪ.

ನಾಲ್ಕನೆಯ ಪ್ರಯತ್ನದಲ್ಲಿ ಹತ್ತು ನಿಮಿಷದ ಮಾತು ಬರುತ್ತದೆ. ಹಲ್ಲು ಕೀಳುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ಆ ಜಾಗವನ್ನು ಮರಗಟ್ಟಿಸಲು ಕೊಡುವ ಔಷಧ ಲಿಗ್ನೋಕೇನ್ ಎಲ್ಲರಿಗೂ ಗೊತ್ತು. 1940ರ ದಶಕದಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಈ ಔಷಧ ನರಕೋಶಗಳ ಗೋಡೆಯಲ್ಲಿರುವ ಸೋಡಿಯಂ ದ್ವಾರಗಳನ್ನು ಮುಚ್ಚುತ್ತದೆ. ನೋವಿನ ಸಂಕೇತ ಮುಂದೆ ಹೋಗದು. ಅಂಥವೇ ದ್ವಾರಗಳು ಸ್ತನದ ಕ್ಯಾನ್ಸರ್ ಕೋಶಗಳಲ್ಲೂ ಇವೆ, ಕೋಶ ಜಾಗ ಬಿಟ್ಟು ಸರಿಯಲು ಅವು ನೆರವಾಗುತ್ತವೆ ಎಂದು ಪ್ರಯೋಗಶಾಲೆಗಳಲ್ಲಿ ಕಂಡಿತ್ತು. ಕತ್ತಿ ತಾಗುವ ಮೊದಲೇ ಗೆಡ್ಡೆಯ ಸುತ್ತ ಆರೂ ಬದಿಗೆ ಲಿಗ್ನೋಕೇನ್ ತುಂಬಿಸಿ ಏಳರಿಂದ ಹತ್ತು ನಿಮಿಷ ಕಾದರೆ? ರೋಗಿಗೆ ಹೇಗೂ ಪೂರ್ಣ ಅರಿವಳಿಕೆ ಕೊಟ್ಟಿರುತ್ತಾರೆ. ಈ ಚುಚ್ಚುಮದ್ದು ಅವಳಿಗಲ್ಲ, ಗೆಡ್ಡೆಗೆ.

ಇದರಲ್ಲೊಂದು ಚರಿತ್ರೆಯ ಕುಚೋದ್ಯವಿದೆ. ಎಲ್ಲಕ್ಕಿಂತ ಹೆಚ್ಚು ಕೊಯ್ದ ಆ ಹಾಲ್‌ಸ್ಟೆಡ್, ಅದಕ್ಕೂ ಮೊದಲು, 1884-85ರ ಹೊತ್ತಿಗೆ, ಕೊಕೇನ್ ಚುಚ್ಚಿ ನರಗಳನ್ನು ಮರಗಟ್ಟಿಸುವ ವಿದ್ಯೆಯಲ್ಲಿ ಮುಂದಾಳಾಗಿದ್ದ. ತನ್ನ ಮೈಮೇಲೇ ಪ್ರಯೋಗ ಮಾಡಿಕೊಳ್ಳಲು ಹೋಗಿ ಆ ಚಟಕ್ಕೆ ಬಿದ್ದ. ಕೊಕೇನ್ ಮುಚ್ಚುವುದೂ ಇದೇ ಸೋಡಿಯಂ ದ್ವಾರವನ್ನು. ಅವನ ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಸೂಜಿ ಇತ್ತು. ಎರಡನ್ನೂ ಒಂದೇ ಗಂಟಿನ ಬಳಿ ತರಲು ಸುಮಾರು ನೂರಿಪ್ಪತ್ತೈದು ವರ್ಷ ಬೇಕಾಯಿತು.

2011ರ ಕೊನೆಯಿಂದ 2022ರ ಆರಂಭದವರೆಗೆ ಭಾರತದ ಹನ್ನೊಂದು ಕ್ಯಾನ್ಸರ್ ಕೇಂದ್ರಗಳಲ್ಲಿ 1600 ಹೆಂಗಸರನ್ನು ಈ ಪರೀಕ್ಷೆಗೆ ಸೇರಿಸಿಕೊಂಡರು. ಅರ್ಧ ಮಂದಿಗೆ ಚುಚ್ಚುಮದ್ದು, ಅರ್ಧ ಮಂದಿಗೆ ಇಲ್ಲ. ಉಳಿದ ಚಿಕಿತ್ಸೆ ಎಲ್ಲರಿಗೂ ಒಂದೇ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ಐದು ವರ್ಷದ ಕೊನೆಗೆ ಬದುಕಿದ್ದವರು ಚುಚ್ಚುಮದ್ದು ಪಡೆದವರಲ್ಲಿ ಶೇ. 90.1, ಪಡೆಯದವರಲ್ಲಿ ಶೇ. 86.4. ರೋಗ ಮರುಕಳಿಸದೆ ಉಳಿದವರು ಶೇ. 86.6 ಮತ್ತು ಶೇ. 82.6. ನೂರು ಹೆಂಗಸರಲ್ಲಿ ಸುಮಾರು ನಾಲ್ವರ ಜೀವ. ಖರ್ಚು ತಲೆಗೆ ನೂರು ರೂಪಾಯಿಯೂ ಅಲ್ಲ. ಲಕ್ಷಗಟ್ಟಲೆ ಬೆಲೆಯ ಹೊಸ ಔಷಧಗಳು ಎಷ್ಟೋ ವೇಳೆ ಇದಕ್ಕಿಂತ ಕಡಿಮೆ ಲಾಭಕ್ಕೆ ಒಪ್ಪಿಗೆ ಪಡೆದಿವೆ.

ಆಕ್ಷೇಪಗಳೂ ಇವೆ, ಅವು ಹೊಟ್ಟೆಕಿಚ್ಚಿನವಲ್ಲ. ಯಾರಿಗೆ ಚುಚ್ಚಿದೆ, ಯಾರಿಗಿಲ್ಲ ಎಂಬುದು ಶಸ್ತ್ರವೈದ್ಯರಿಗೆ ಗೊತ್ತಿತ್ತು. ಲಿಗ್ನೋಕೇನ್ ನಿಜವಾಗಿಯೂ ಸೋಡಿಯಂ ದ್ವಾರದ ಮೂಲಕವೇ ಕೆಲಸ ಮಾಡಿತೇ ಎಂಬುದನ್ನು ಆ ಪರೀಕ್ಷೆ ಅಳೆಯಲಿಲ್ಲ. ಬೇರೆ ದೇಶದಲ್ಲಿ, ಬೇರೆ ಕೈಗಳಲ್ಲಿ ಇದೇ ಫಲ ಬಂದರೆ ಮಾತ್ರ ಪೂರ್ತಿ ನಂಬಬಹುದು ಎನ್ನುವವರ ಮಾತಿನಲ್ಲಿ ಹುರುಳಿದೆ. 1991ರ ಬೆರಗಿನ ಅಂಕಿಗಳು ಮುಂದೆ ಏನಾದವು ಎಂಬುದನ್ನು ಕಂಡವರಿಗೆ ಈ ಎಚ್ಚರ ಅತಿಯೆನಿಸದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು: 1991ರದ್ದು ಹಳೆಯ ಕಡತಗಳ ಲೆಕ್ಕ, ಇದು ಚೀಟಿ ಎತ್ತಿ, ಮುಂದಕ್ಕೆ ನೋಡುತ್ತ ಮಾಡಿದ ಪರೀಕ್ಷೆ.

ಹಾಗಾದರೆ ಹಳ್ಳಿಯ ಮಾತು ನಿಜವೇ? ಅಲ್ಲ. ಚುಚ್ಚುಮದ್ದಿಲ್ಲದೆ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲೂ ನೂರಕ್ಕೆ 86 ಜನ ಐದು ವರ್ಷದ ಮೇಲೆ ಬದುಕಿದ್ದರು ಎಂಬುದನ್ನು ಮರೆಯಬಾರದು. ಕತ್ತಿಯೇ ಅವರನ್ನು ಉಳಿಸಿದ್ದು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ಗಂಟು ಹರಡುತ್ತದೆಂಬ ಹೆದರಿಕೆಗೂ ಆಧಾರವಿಲ್ಲ. ಕತ್ತಿ ತಾಗುವ ಗಳಿಗೆಯಲ್ಲಿ ಅಪಾಯದ ಒಂದು ಎಳೆ ಇರಬಹುದು, ಅದನ್ನು ಅಗ್ಗದಲ್ಲೇ ಕತ್ತರಿಸಬಹುದು ಎಂಬುದಷ್ಟೇ ಸಂಶೋಧನೆ ಹೇಳುವುದು. ಲಿಗ್ನೋಕೇನ್ ಸೀಸೆಗಾಗಿ ಮುಂಬಯಿಗೆ ಹೋಗಬೇಕಿಲ್ಲ. ಗಾಯಕ್ಕೆ ಹೊಲಿಗೆ ಹಾಕುವ ಯಾವ ತಾಲೂಕು ಆಸ್ಪತ್ರೆಯಲ್ಲೂ ಅದು ಇರುತ್ತದೆ.

ಇಲ್ಲದಿರುವುದು ಬೇರೆ. ಮೇಲೆ ಹೇಳಿದ ಒಂದೇ ಸಲದ ವಿಕಿರಣ ಮೂರೂವರೆ ಸೆಂ.ಮೀ.ಗಿಂತ ದೊಡ್ಡ ಗಂಟಿಗೆ ಅಲ್ಲ. ಲಿಗ್ನೋಕೇನ್ ಪರೀಕ್ಷೆಗೆ ತೆಗೆದುಕೊಂಡದ್ದೂ ನೇರವಾಗಿ ಶಸ್ತ್ರಕ್ರಿಯೆ ಮಾಡಬಹುದಾಗಿದ್ದವರನ್ನು ಮಾತ್ರ. ಹುಣ್ಣಾಗಿ ಬಂದವರಿಗೆ ಇವೆರಡರ ಬಾಗಿಲೂ ಮುಚ್ಚಿರುತ್ತದೆ. ಪಾರ್ಶ್ವವಾಯುವಿನ ನಾಟಿ ಮದ್ದಿಗಾಗಿ ದೂರದೂರದಿಂದ ಜನ ಅಂಕೋಲೆಯ ಬೆಳಂಬಾರಕ್ಕೆ ಬರುತ್ತಾರೆ. ನಾಟಿ ಮದ್ದಿನಲ್ಲಿ ಅಷ್ಟು ನಂಬಿಕೆ ಇರುವ ಸೀಮೆಯಲ್ಲಿ ಎದೆಯ ಗಂಟಿಗೂ ಮೊದಲು ಅದನ್ನೇ ಹುಡುಕುವುದು ಆಶ್ಚರ್ಯವಲ್ಲ. ಹುಡುಕಾಟದಲ್ಲಿ ತಿಂಗಳುಗಳು ಹೋಗುತ್ತವೆ.

ಈ ತಿಂಗಳುಗಳನ್ನು ಉಳಿಸಲು ಬರುತ್ತದೆಯೇ ಎಂದು ನೋಡಲು ಟಾಟಾ ಆಸ್ಪತ್ರೆಯ ಇಂದ್ರನೀಲ ಮಿತ್ರ, ಬಡ್ವೆ ಮತ್ತು ಸಂಗಡಿಗರು 1998ರಲ್ಲಿ ಮುಂಬಯಿಯ ಕೊಳೆಗೇರಿಗಳಲ್ಲಿ ಒಂದು ಕೆಲಸ ಆರಂಭಿಸಿದರು. ಸ್ತನದ ಕ್ಷಕಿರಣ ಯಂತ್ರಗಳನ್ನು ಅವರು ಬಳಸಲಿಲ್ಲ. ಹತ್ತನೆಯ ತರಗತಿಯವರೆಗೆ ಓದಿದ ಹೆಣ್ಣುಮಕ್ಕಳಿಗೆ ಕೆಲವು ವಾರ ತರಬೇತಿ ಕೊಟ್ಟು, ಕೈಯಿಂದ ಮುಟ್ಟಿ ಗಂಟು ಪತ್ತೆ ಮಾಡುವುದನ್ನು ಕಲಿಸಿದರು. ಎರಡು ವರ್ಷಕ್ಕೊಮ್ಮೆ ಪರೀಕ್ಷೆ, ನಾಲ್ಕು ಸುತ್ತು. ಪರೀಕ್ಷೆಗೊಳಗಾದವರೂ ಹೋಲಿಕೆಗೆ ಇಟ್ಟವರೂ ಸೇರಿ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರು. ಇಪ್ಪತ್ತು ವರ್ಷದ ನಿಗಾ. 2021ರಲ್ಲಿ ಲೆಕ್ಕ ಮುಗಿದಾಗ, ಪರೀಕ್ಷೆಗೊಳಗಾದವರಲ್ಲಿ ರೋಗ ಇನ್ನೂ ಮೊದಲ ಹಂತಗಳಲ್ಲಿದ್ದಾಗಲೇ ಸಿಕ್ಕಿತ್ತು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಸ್ತನದ ಕ್ಯಾನ್ಸರಿನ ಸಾವುಗಳಲ್ಲಿ ಶೇ. 15ರ ಇಳಿಕೆ ಕಂಡಿತು, ಅದು ಆಕಸ್ಮಿಕವಿದ್ದರೂ ಇರಬಹುದು. ಐವತ್ತು ದಾಟಿದವರಲ್ಲಿ ಮಾತ್ರ ಸ್ತನದ ಕ್ಯಾನ್ಸರಿನ ಸಾವುಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿದ್ದವು. ಆ ಹೆಣ್ಣುಮಕ್ಕಳ ಬಳಿ ಇದ್ದದ್ದು ತರಬೇತಿ ಪಡೆದ ಎರಡು ಕೈಗಳು. ಅಷ್ಟೇ ಓದಿದ ಆಶಾ ಕಾರ್ಯಕರ್ತೆಯರು ಈಗ ಕಾರವಾರ, ಅಂಕೋಲೆಗಳ ಹಳ್ಳಿಗಳಲ್ಲೂ ಮನೆಮನೆಗೆ ಹೋಗುತ್ತಾರೆ.